ಬ್ಲೀಚಿಂಗ್ ವಾಸನೆಗೆ ಬಂದ ಬೆಕ್ಕುಗಳು

ರೇಷ್ಮೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಒಬ್ಬರಲ್ಲ ಒಬ್ಬರು ಫೋನು ಮಾಡುತ್ತಿರುತ್ತಾರೆ. "ಮೇಡಂ, ಹಳ್ಳಿಗಳಲ್ಲಿ ಕೆಲಸ ಹೇಗಿರುತ್ತೆ, ಏನೇನು ತಿಳ್ಕೊಂಡಿರಬೇಕು?" ಎಂದು ಕೇಳುತ್ತಾರೆ. ಹುಳುವಿನ ವಿಷಯ ನಿಮಗೆ ತರಬೇತಿಯಲ್ಲಿ ಹೇಳಿಕೊಟ್ಟಿರುತ್ತಾರೆ. ರೈತರ ವಿಷಯ ರೈತರೇ ಹೇಳಿಕೊಡುತ್ತಾರೆ, ನೀವು ಕೇಳದಿದ್ದರೂ. ಯಾರೂ ಹೇಳಿಕೊಡದೆ ಉಳಿಯುವುದು ಬೆಕ್ಕಿನ ವಿಷಯ. ಅದನ್ನು ನಾನು ಹೇಳುತ್ತೇನೆ. ಮಳವಳ್ಳಿ, ಮದ್ದೂರು ತಾಲ್ಲೂಕುಗಳಲ್ಲಿ ರೇಷ್ಮೆ ಪ್ರದರ್ಶಕಿಯಾಗಿ ತಲೆ ನರೆಸಿಕೊಂಡವಳು ನಾನು. ಮನೆಮನೆಗೆ ಹೋಗಿ ಹುಳು ಸಾಕುವ ಕ್ರಮವನ್ನು ಕೈಯಾರೆ ಮಾಡಿ ತೋರಿಸುವುದೇ ಪ್ರದರ್ಶಕಿಯ ಕೆಲಸ. ಬಡ್ತಿ, ವರ್ಗಾವಣೆಗಳ ಕಥೆ ಎಲ್ಲರದೂ ಒಂದೇ, ಅದನ್ನು ಬಿಡುತ್ತೇನೆ. ಬೀಳ್ಕೊಡುಗೆಯಲ್ಲಿ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಕೊಟ್ಟರು. ಹಣ್ಣು ನಾವು ತಿಂದೆವು, ಶಾಲಿನ ಮೇಲೆ ಮಂಜಿ ಮಲಗಿದಳು.

ಮಂಜಿ ನನ್ನ ಕೊನೆಯ ಬೆಕ್ಕು. ಅವಳಿಗಿಂತ ಮೊದಲು ಬಹಳ ಬೆಕ್ಕುಗಳಿದ್ದವು. ಯಾವ ಊರಿಗೆ ಹೋದರೂ, ಸಾಕಿದ್ದಾಗಲಿ ಬೀದಿಯದಾಗಲಿ, ಬೆಕ್ಕುಗಳು ನನ್ನ ಹತ್ತಿರ ಓಡಿಬರುತ್ತಿದ್ದವು. ಕಾಲು ಸುತ್ತುತ್ತಿದ್ದವು, ಚಪ್ಪಲಿಯ ಮೇಲೆ ಬಿದ್ದು ಉರುಳುತ್ತಿದ್ದವು, ಬೆರಳು ನೆಕ್ಕುತ್ತಿದ್ದವು. ಅವಕ್ಕೆ ನಾನೆಂದರೆ ಪ್ರೀತಿ ಎಂದು ನಂಬಿ ನಾನು ಬೀಗುತ್ತಿದ್ದೆ. ಅವು ಬರುತ್ತಿದ್ದದ್ದು ನನಗಾಗಿಯೋ, ನನ್ನ ಕೈಗಂಟಿದ ಬ್ಲೀಚಿಂಗ್ ಪುಡಿಯ ವಾಸನೆಗಾಗಿಯೋ ಎಂಬ ಸಂಶಯ ಅರ್ಧ ಸರ್ವೀಸಿನಲ್ಲಿ ಹುಟ್ಟಿತು. ಕೇಳಿದವರು ನಗಬಹುದು. ಆದರೆ ಆ ಸಂಶಯ ನನ್ನನ್ನು ವರ್ಷಗಟ್ಟಲೆ ಒಳಗೊಳಗೇ ಕೊರೆಯಿತು.

ಈಗ ಮಧ್ಯಾಹ್ನ ಊಟವಾದ ಮೇಲೆ ಮಂಡ್ಯದ ಮನೆಯ ಹಜಾರದಲ್ಲಿ ಚಾಪೆ ಹಾಸಿ ಒರಗುತ್ತೇನೆ. ಫ್ಯಾನು ತಿರುಗುತ್ತಿರುತ್ತದೆ, ನಮ್ಮ ಯಜಮಾನರು ಪೇಪರು ಮುಖದ ಮೇಲೆ ಹಾಕಿಕೊಂಡು ಗೊರಕೆ ಹೊಡೆಯುತ್ತಿರುತ್ತಾರೆ. ನಿದ್ದೆ ಪೂರಾ ಹತ್ತಿರುವುದಿಲ್ಲ, ಎಚ್ಚರವೂ ಇರುವುದಿಲ್ಲ. ಆಗ ಸತ್ತ ಬೆಕ್ಕುಗಳು ಬರುತ್ತವೆ. ಒಂದು ಕಿಟಕಿಯ ಮೇಲೆ ಕೂರುತ್ತದೆ, ಇನ್ನೊಂದು ಬಾಗಿಲಿಗೆ ಬೆನ್ನು ಉಜ್ಜುತ್ತದೆ. ಒಂದರ ಗುರುತು ಇನ್ನೊಂದಕ್ಕಿಲ್ಲ, ಆದರೂ ಜಗಳವಾಡುವುದಿಲ್ಲ. ಕಣ್ಣು ಬಿಟ್ಟರೆ ಎಲ್ಲಿ ಹೋದಾವೋ ಎಂದು ನಾನು ಕಣ್ಣು ಮುಚ್ಚಿಕೊಂಡೇ ಇರುತ್ತೇನೆ.

ಮೊದಲು ಬರುವವನು ಮೇಸ್ತ್ರಿ. ನನಗೆ ಮೊದಲು ಹಾಕಿದ್ದು ಮಳವಳ್ಳಿ ಕಡೆಯ ಒಂದು ಹಳ್ಳಿಗೆ. ಆಗ ಹುಳುವಿಗೆಂದು ಬೇರೆ ಮನೆ ಇರಲಿಲ್ಲ. ಜನ ಇದ್ದ ಮನೆಯ ನಡುಮನೆಯಲ್ಲೇ ಸ್ಟ್ಯಾಂಡು ನಿಲ್ಲಿಸಿ, ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಹುಳು ಸಾಕುತ್ತಿದ್ದರು. ಮನೆಯವರು ಜಗಲಿಯಲ್ಲಿ ಮಲಗುತ್ತಿದ್ದರು. ಇರುವೆ ಹತ್ತದಿರಲೆಂದು ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲು ಇಡುತ್ತಿದ್ದರು. ನಿಂಗೇಗೌಡರೆಂಬ ರೈತರ ಮನೆಯಲ್ಲಿ ಆ ಬಟ್ಟಲುಗಳ ನೀರು ದಿನಾ ಕಮ್ಮಿಯಾಗುತ್ತಿತ್ತು. ಬಟ್ಟಲು ಸೋರುತ್ತಿರಬೇಕೆಂದು ನಾನು ಬಗ್ಗಿ ನೋಡಿದರೆ, ಹಳದಿ ಪಟ್ಟೆಯ ಒಂದು ಗಡವ ಬೆಕ್ಕು ನಾಲ್ಕೂ ಕಾಲುಗಳ ಹತ್ತಿರ ಸರದಿಯ ಮೇಲೆ ಹೋಗಿ ನೀರು ಕುಡಿಯುತ್ತಿತ್ತು. ಕುಡಿದು, ಗೋಡೆಗೊರಗಿ ಕೂತು, ಸೊಪ್ಪು ಕತ್ತರಿಸುವವರನ್ನು ನೋಡುತ್ತಿತ್ತು. ಯಾರಾದರೂ ಕೈ ನಿಲ್ಲಿಸಿದರೆ ಅವರ ಕಡೆ ತಲೆ ತಿರುಗಿಸುತ್ತಿತ್ತು. ಅದಕ್ಕೇ ಮೇಸ್ತ್ರಿ ಎಂದು ಹೆಸರು ಬಿತ್ತು.

ನನ್ನ ಮೊದಲ ಪ್ರಾತ್ಯಕ್ಷಿಕೆಯ ಮಾನ ಕಳೆದವನು ಅವನೇ. ಹುಳುಗಳು ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂತವು ಎನ್ನುತ್ತಾರೆ. ಅದು ಕಾಯಿಲೆಯಲ್ಲ, ಪೊರೆ ಕಳಚುವ ಮೊದಲಿನ ನಿದ್ದೆ. ಆ ಹೊತ್ತಿನಲ್ಲಿ ತಟ್ಟೆ ಅಲುಗಿಸಬಾರದು, ಸೊಪ್ಪು ಹಾಕಬಾರದು ಎಂದು ಊರಿನ ಹೆಂಗಸರಿಗೆ ತೋರಿಸಬೇಕಿತ್ತು. ಅವರೆಲ್ಲ ನಿಂಗೇಗೌಡರ ಮನೆಯಲ್ಲಿ ಸೆರಗು ಹೊದ್ದು ಸಾಲಾಗಿ ನಿಂತಿದ್ದರು. ನಾನು ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದನ್ನೆಲ್ಲ ಹೇಳಿ, "ಈಗ ನೋಡಿ, ಹೇಗೆ ಮಲಗಿವೆ" ಎಂದು ಗಂಭೀರವಾಗಿ ಒಂದು ತಟ್ಟೆಯ ಮೇಲಿನ ಕಾಗದ ಎತ್ತಿದೆ. ಅದು ತೊಳೆದು ಒಣಗಿಸಿಟ್ಟಿದ್ದ ಖಾಲಿ ತಟ್ಟೆ. ಒಳಗೆ ಮೇಸ್ತ್ರಿ ಹೊಟ್ಟೆ ಮೇಲೆ ಮಾಡಿ ಮಲಗಿದ್ದ.

ನಿಂಗೇಗೌಡರ ಹೆಂಡತಿ ಚೌಡಮ್ಮ ಬಗ್ಗಿ ನೋಡಿ, "ನಿಮ್ಮುಳ ವಸಿ ದಪ್ಪಾಯ್ತು ಕಣವ್ವ. ಇದು ಗೂಡು ಕಟ್ಟಕ್ಕೆ ಕೊಟ್ಟಿಗೆನೇ ಬೇಕು" ಎಂದರು. ಹೆಂಗಸರು ನಕ್ಕು ನಕ್ಕು ಕೂತುಬಿಟ್ಟರು. ನನಗೆ ಆಗ ಅವಮಾನವಾಯಿತು. ಆದರೆ ಆ ನಗು ಒಂದಿರದಿದ್ದರೆ ಆ ಊರಿನಲ್ಲಿ ಯಾರೂ ನನ್ನನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅಂದಿನಿಂದ ಎಲ್ಲರ ಮನೆಯಲ್ಲೂ ಮೊದಲು ಕಾಫಿ, ಆಮೇಲೆ ಹುಳು ನೋಡುವುದು ಎಂದಾಯಿತು.

ಮೇಸ್ತ್ರಿ ಯಾರ ಬೆಕ್ಕು ಎನ್ನುವುದು ಬಹಳ ದಿನ ತೀರ್ಮಾನವಾಗಿರಲಿಲ್ಲ. ಇಲಿ ಹಿಡಿದರೆ ನಮ್ಮದು, ಹಾಲಿಗೆ ಬಾಯಿಟ್ಟರೆ ಬೀದಿಯದು. ಒಂದು ಬೆಳಿಗ್ಗೆ ನಿಂಗೇಗೌಡರು ಗೂಡಿನ ಮೂಟೆ ಹೊತ್ತು ರಾಮನಗರದ ಮಾರುಕಟ್ಟೆಗೆ ಹೊರಟರು. ಬೇಲಿಯ ಆಚೆ ಬಸ್ಸು ಬಂದು ನಿಂತು ಹಾರನ್ ಹೊಡೆಯುತ್ತಿತ್ತು. ಅಷ್ಟರಲ್ಲಿ ಮೇಸ್ತ್ರಿ ಅವರ ಮುಂದೆ ಅಡ್ಡ ಹಾದುಹೋದ. ಗೌಡರು ಮೂಟೆ ಇಳಿಸಿ ಜಗಲಿಯಲ್ಲಿ ಕೂತೇಬಿಟ್ಟರು. ಬೆಕ್ಕು ಅಡ್ಡ ಬಂದರೆ ಕೂತು, ನೀರು ಕುಡಿದು, ಹೊತ್ತು ಕಳೆದೇ ಹೊರಡಬೇಕು.

"ಏಳಿ ಮ್ಯಾಕೆ, ಬಸ್ಸು ಓಯ್ತದೆ" ಎಂದರು ಚೌಡಮ್ಮ.

"ಬೆಕ್ಕು ಅಡ್ಡ ಬಂತಲ್ಲ, ಕಾಣ್ಲಿಲ್ವ ನಿಂಗೆ?"

"ಮನೆ ಬೆಕ್ಕು ಅಡ್ಡ ಬಂದ್ರೆ ಲೆಕ್ಕಕ್ಕಿಲ್ಲ."

"ಅದು ಮನೆದೋ ಬೀದಿದೋ ಯಾರಿಗ್ಗೊತ್ತು?"

"ನಮ್ದೇ ಅಂದ್ಕಳಿ ಅತ್ಲಾಗೆ. ಬಸ್ ಬುಟ್ರೆ ಇನ್ನೊಂದಿಲ್ಲ."

ಗೌಡರು ಬೆಕ್ಕಿನ ಮುಖ ನೋಡಿದರು, ಬಸ್ಸಿನ ಮುಖ ನೋಡಿದರು. "ಆಯ್ತು, ನಮ್ದೇ" ಎಂದು ಮೂಟೆ ಎತ್ತಿ ಓಡಿದರು. ಬಸ್ಸಿಗೋಸ್ಕರ ಬೀದಿ ಬೆಕ್ಕೊಂದು ಮನೆಯ ಬೆಕ್ಕಾಯಿತು. ಮಾತು ಕೊಟ್ಟ ಮೇಲೆ ಅದಕ್ಕೆ ದಿನಾ ಹಾಲನ್ನ ಹಾಕಲೇಬೇಕಾಯಿತು. ಮುಂದೆ ಅವನು ಮುದಿಯಾಗಿ ಹುಲ್ಲಿನ ಮೆದೆಯ ಬುಡದಲ್ಲಿ ಸುರುಳಿ ಸುತ್ತಿಕೊಂಡೇ ಸತ್ತಾಗ, ಗೌಡರು ನಾನು ಬರುವವರೆಗೆ ಕಾದಿದ್ದು, "ನಮ್ ಬೆಕ್ಕು ಓಯ್ತು ಕಣ್ರವ್ವ" ಎಂದು ಹೇಳಿದರು. ನಾನು ಅಲ್ಲೇ ನಿಂತು ಅತ್ತೆ.

ಬ್ಲೀಚಿಂಗ್ ಪುಡಿಯ ವಿಷಯಕ್ಕೆ ಬರುತ್ತೇನೆ. ಹುಳುವಿಗೆ ರೋಗ ಬಹಳ ಬೇಗ ಹತ್ತುತ್ತದೆ. ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿತಾಟು ಹಾಸಿರಬೇಕು, ಅದರ ಮೇಲೆ ಕಾಲಿಟ್ಟು ಒಳಗೆ ಹೋಗಬೇಕು. ಅದೇ ನೀರಿನಲ್ಲಿ ಕೈ ತೊಳೆಯಬೇಕು. ಸುಣ್ಣಕ್ಕೆ ಬ್ಲೀಚಿಂಗ್ ಬೆರೆಸಿ ಸುತ್ತಲೂ ಎರಚಬೇಕು. ಆ ಕಾಲದಲ್ಲಿ ನನ್ನ ಮೇಲೊಬ್ಬ ಹಿರಿಯ ಅಧಿಕಾರಿ ಇದ್ದರು. ತಪಾಸಣೆಗೆ ಬಂದರೆ ಹುಳು ನೋಡುತ್ತಿರಲಿಲ್ಲ, ಪುಸ್ತಕ ನೋಡುತ್ತಿರಲಿಲ್ಲ. ದೂರದಲ್ಲೇ ನಿಂತು, "ನಿಮ್ಮ ಕೈ ನೀವೇ ಮೂಸಿ ನೋಡಿ ಹೇಳಮ್ಮ, ಏನು ವಾಸನೆ?" ಎನ್ನುತ್ತಿದ್ದರು. ಬ್ಲೀಚಿಂಗ್ ಸಾರ್ ಎಂದರೆ ತಲೆಯಾಡಿಸಿ ಜೀಪು ಹತ್ತುತ್ತಿದ್ದರು. ಒಮ್ಮೆ ನಾನು ಯೋಚಿಸದೆ, "ಒಗ್ಗರಣೆ ಸಾರ್" ಎಂದುಬಿಟ್ಟೆ. ಅವತ್ತು ಸಂಜೆಯವರೆಗೆ ನಿಲ್ಲಿಸಿ ಪಾಠ ಹೇಳಿದರು. ಆಮೇಲೆ ನನ್ನ ಕೈ ಒಂದು ದಿನವೂ ಒಗ್ಗರಣೆಯ ವಾಸನೆ ಹೊಡೆಯಲಿಲ್ಲ. ಮನೆಯಲ್ಲಿ ಕಲಸಿದ ಅನ್ನಕ್ಕೂ ಅದೇ ವಾಸನೆ ಎಂದು ಯಜಮಾನರು ದೂರುತ್ತಿದ್ದರು.

ನನ್ನ ಸುತ್ತ ಬೆಕ್ಕುಗಳು ನೆರೆಯಲು ಶುರುವಾದದ್ದು ಆಮೇಲೆಯೇ. ಆದರೆ ಅದೂ ಇದೂ ಸೇರಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ. ಮಳವಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಾ ಕೂತರೆ ಎಲ್ಲಿಂದಲೋ ಬಂದ ಕಪ್ಪು ಬೆಕ್ಕು ನನ್ನ ಚಪ್ಪಲಿಗೆ ಗಲ್ಲ ಉಜ್ಜುತ್ತಿತ್ತು. ಹಳ್ಳಿಗಳಲ್ಲಿ ನನಗೆ ಬೆಕ್ಕಿನ ಮೇಡಮ್ಮೋರು ಎಂದೇ ಹೆಸರು. ನನ್ನ ಮಡಿಲಿಗೆ ಮಕ್ಕಳು ಅಷ್ಟು ಬೇಗ ಬರುತ್ತಿರಲಿಲ್ಲ, ದೊಡ್ಡವರು ನನ್ನ ಕಟ್ಟುನಿಟ್ಟಿಗೆ ಹೆದರುತ್ತಿದ್ದರು. ಬೆಕ್ಕುಗಳು ಮಾತ್ರ ಕರೆಯದೆ ಬರುತ್ತಿದ್ದವು. ಅದು ನನಗೆ ದೊಡ್ಡ ಸಮಾಧಾನವಾಗಿತ್ತು.

ಆಮೇಲೆ ನನ್ನನ್ನು ಮದ್ದೂರು ತಾಲ್ಲೂಕಿನ ಚಾಕಿ ಕೇಂದ್ರವೊಂದಕ್ಕೆ ಹಾಕಿದರು. ಚಿಕ್ಕರಸಿನಕೆರೆಗೆ ಬಸ್ಸಿಳಿದು, ಗದ್ದೆ ಬದುವಿನ ಮೇಲೆ ನಡೆದು ಹೋಗಬೇಕು. ಮೊಟ್ಟೆಯೊಡೆದ ಮರಿಹುಳುಗಳನ್ನು ಎರಡನೇ ಜ್ವರ ದಾಟುವವರೆಗೆ ಒಂದೇ ಕಡೆ ಸಾಕಿ, ಆಮೇಲೆ ರೈತರಿಗೆ ಹಂಚುವ ಜಾಗ ಅದು. ಸೊಪ್ಪು ಹೆಚ್ಚುವ ಕೆಲಸಕ್ಕೆ ಸಾಕಮ್ಮ ಇದ್ದಳು. ನನಗಿಂತ ಸ್ವಲ್ಪ ದೊಡ್ಡವಳು, ಬಾಯಿ ಜೋರು. ಹಿಪ್ಪುನೇರಳೆ ಸೊಪ್ಪನ್ನು ಅವಳಷ್ಟು ಸಣ್ಣಗೆ ಹೆಚ್ಚುವವರನ್ನು ನಾನು ಕಂಡಿಲ್ಲ. ಬೆಕ್ಕನ್ನು ಅವಳಷ್ಟು ಬೈಯುವವರನ್ನೂ ಕಂಡಿಲ್ಲ. ಕೇಂದ್ರದ ಸುತ್ತ ಒಂದು ಬೂದಿ ಬಣ್ಣದ ಹೆಣ್ಣು ಬೆಕ್ಕು ಓಡಾಡಿಕೊಂಡಿತ್ತು, ಹೆಸರೂ ಬೂದಿಯೇ. ಹುಳು ಇರುವ ಕೋಣೆಗೆ ಬೆಕ್ಕು ಬರಕೂಡದು ಎಂಬ ನಿಯಮ ಹೊಸದಾಗಿ ಬಂದಿತ್ತು. ಹಾಗಾಗಿ ಬೂದಿ ಹೊರಗೇ ಇದ್ದು ಇಲಿ, ಅಳಿಲು ಕಾಯುತ್ತಿದ್ದಳು. ನಾನು ಬಾಗಿಲಿಗೆ ಬಂದರೆ ಸಾಕು, ಬಂದು ಕಾಲಿಗೆ ಬೀಳುತ್ತಿದ್ದಳು.

ಆ ಕಾಲಕ್ಕೆ ಬಂದ ಸಾಹೇಬರು ಚಿಕ್ಕ ವಯಸ್ಸಿನವರು, ಓದಿದವರು, ಯಾರ ಮೇಲೂ ದನಿ ಎತ್ತಿದವರಲ್ಲ. ಬೂದಿ ನನ್ನ ಕಾಲ ಮೇಲೆ ಉರುಳುವುದನ್ನು ನೋಡಿ ಅವರಿಗೆ ನಗು ಬಂತು. "ಮೇಡಂ, ನಮ್ಮ ಮನೆ ಬೆಕ್ಕೂ ಹೀಗೇ. ಬಚ್ಚಲು ತೊಳೆದ ದಿನ ಬಾಗಿಲು ಬಿಟ್ಟು ಅಲ್ಲಾಡಲ್ಲ. ಕೆಲವು ಬೆಕ್ಕಿಗೆ ಬ್ಲೀಚಿಂಗ್ ವಾಸನೆ ಅಂದ್ರೆ ಅಮಲು" ಎಂದರು.

"ಇದು ಹಾಗಲ್ಲ ಸಾರ್. ಇದಕ್ಕೆ ನಾನಂದ್ರೆ ಆಸೆ" ಎಂದೆ.

ಅವರು ವಾದ ಮಾಡಲಿಲ್ಲ. ಕೈ ಒರೆಸುವ ಬಟ್ಟೆಯೊಂದನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿ, ಹಿಂಡಿ, ಅಂಗಳದ ಸೀಬೆ ಗಿಡದ ಕೆಳಗೆ ಹಾಸಿದರು. ಬೂದಿ ತಲೆ ಎತ್ತಿದಳು. ನನ್ನ ಕಾಲು ಬಿಟ್ಟು ಎದ್ದು ಹೋದಳು. ಆ ಬಟ್ಟೆಗೆ ಗಲ್ಲ ಉಜ್ಜಿ, ಬೆನ್ನು ಉಜ್ಜಿ, ಅದನ್ನು ತಬ್ಬಿಕೊಂಡು ಹೊರಳಾಡಿದಳು. ನಾನು ಕರೆದೆ, ತಿರುಗಿ ನೋಡಲಿಲ್ಲ. ಸಾಹೇಬರಿಗೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ನೆಕ್ಕಿದರೆ ಹೊಟ್ಟೆಗೆ ಒಳ್ಳೇದಲ್ಲ, ಅದಕ್ಕೆ ಹೇಳಿದೆ ಅಷ್ಟೇ" ಎಂದು ಬಟ್ಟೆ ಎತ್ತಿಕೊಂಡರು.

ಸಾಕಮ್ಮನಿಗೆ ಅಂಥ ದಾಕ್ಷಿಣ್ಯ ಇಲ್ಲ. "ಅಂಗಾರೆ ಇಷ್ಟ್ ವರ್ಸ ನಿಮ್ಮ ನೋಡ್ಕಂಡು ಬತ್ತಿರ್ಲಿಲ್ಲ ಬುಡಿ ಮೇಡಮ್ಮೋರೆ. ಎಂಡದಂಗ್ಡಿ ನೋಡ್ಕಂಡು ಬಂದಂಗೆ ಬತ್ತಿದ್ದೊ" ಎಂದಳು. ನಾನೂ ನಕ್ಕೆ. ಬಸ್ಸು ಹತ್ತಿ ಕೂತ ಮೇಲೆ ಮಾತ್ರ ನಗು ಉಳಿಯಲಿಲ್ಲ, ಬೇರೇನೋ ಆಯಿತು. ಮಂಡ್ಯ ಬರುವವರೆಗೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ. ಸತ್ತ ಮೇಸ್ತ್ರಿ, ಬಸ್ ಸ್ಟ್ಯಾಂಡಿನ ಕರಿ ಬೆಕ್ಕು, ಎಲ್ಲವೂ ಒಂದೇ ಮಧ್ಯಾಹ್ನ ನನ್ನನ್ನು ಬಿಟ್ಟು ಆ ಬಟ್ಟೆಯ ಕಡೆ ಹೋದ ಹಾಗಾಗಿತ್ತು.

ಅಂದಿನಿಂದ ಬೂದಿ ಹತ್ತಿರ ಬಂದರೆ ಒದ್ದೆ ಬಟ್ಟೆಯಲ್ಲಿ ಅವಳ ಮೈ, ಕಾಲು ಒರೆಸಿ ಕಳಿಸುತ್ತಿದ್ದೆ. ಪ್ರೀತಿ ಇದ್ದರೂ ಇಲ್ಲದಿದ್ದರೂ ಹೊಟ್ಟೆ ಕೆಡಬಾರದಲ್ಲ. ಆದರೆ ಮನಸ್ಸಿನಲ್ಲಿ ಒಂದು ಸಿಟ್ಟು ಕೂತಿತ್ತು. ಆ ಸಿಟ್ಟಿನಿಂದಲೇ ನಮ್ಮಿಂದೊಂದು ದೊಡ್ಡ ತಪ್ಪಾಯಿತು.

ಪ್ರತಿ ಸಲ ಹೊಸ ಮೊಟ್ಟೆ ಬರುವ ಮೊದಲು ಸಾಕಣೆ ಕೋಣೆಗೆ ಔಷಧಿ ಹೊಡೆದು, ಕಿಟಕಿ ಬಾಗಿಲುಗಳ ಸಂದಿಗೂ ಕಾಗದ ಅಂಟಿಸಿ, ಮಾರನೇ ದಿನದವರೆಗೆ ಮುಚ್ಚಿಡಬೇಕು. ಆಗೆಲ್ಲ ಹೊಡೆಯುತ್ತಿದ್ದದ್ದು ಫಾರ್ಮಲಿನ್. ಕಣ್ಣು ಮೂಗು ಉರಿದುಹೋಗುವ ಘಾಟು. ನಾನೂ ಸಾಕಮ್ಮನೂ ಮುಖಕ್ಕೆ ಟವೆಲು ಕಟ್ಟಿಕೊಂಡು ಹೊಡೆದು, ಬಾಗಿಲು ಹಾಕಿ ಹೊರಗೆ ಕೂತೆವು. ಸ್ವಲ್ಪ ಹೊತ್ತಿಗೆ ಬೂದಿ ಬಂದು ಬಾಗಿಲ ಮುಂದೆ ಕೂಗಲು ಶುರು ಮಾಡಿದಳು.

"ನೋಡಿ, ವಾಸ್ನೆ ಬಡೀತು, ಬಂದ್ಳು ಕುಡುಕಿ" ಎಂದಳು ಸಾಕಮ್ಮ.

ಬಾಗಿಲ ಗೋಣಿತಾಟಿನ ಬ್ಲೀಚಿಂಗಿಗೆ ಬಂದಳೆಂದು ನಾನೂ ಅಂದುಕೊಂಡೆ. "ಕೂಗಲಿ ಬಿಡು" ಎಂದೆ. ಬೂದಿ ಬಾಗಿಲು ಕೆರೆದಳು, ಕಿಟಕಿಗೆ ಹಾರಿ ಜಾರಿ ಬಿದ್ದಳು, ಮತ್ತೆ ಹಾರಿದಳು. ಸೊಪ್ಪು ಹೆಚ್ಚಿದ ಮಣೆ ತೊಳೆಯುತ್ತಿದ್ದ ಸಾಕಮ್ಮನ ಕೈ ನಿಂತಿತು. "ಮೇಡಮ್ಮೋರೆ, ಉರುಳ್ತಾ ಇಲ್ವಲ್ಲ ಇದು" ಎಂದಳು. ಹೌದು, ಬ್ಲೀಚಿಂಗಿಗೆ ಬಂದ ಬೆಕ್ಕು ಉರುಳುತ್ತದೆ. ಇದು ಕೆರೆಯುತ್ತಿತ್ತು. ಅವಳ ಹೊಟ್ಟೆ ಕೆಲವು ದಿನಗಳಿಂದ ಇಳಿದಿದ್ದು ನಮಗೆ ಆಗ ಹೊಳೆಯಿತು.

ಬಾಗಿಲು ಒಡೆದ ಹಾಗೆ ತೆಗೆದೆವು. ಸಾಕಮ್ಮ ಸೆರಗು ಕಚ್ಚಿಕೊಂಡು ಒಳಗೆ ನುಗ್ಗಿದಳು. ಅಟ್ಟದಲ್ಲಿ ಹಳೇ ಚಂದ್ರಿಕೆಗಳನ್ನು, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ದೊಡ್ಡ ತಟ್ಟೆಗಳನ್ನು, ಒರಗಿಸಿಟ್ಟಿದ್ದೆವು. ಅವುಗಳ ಹಿಂದೆ ಮೂರು ಮರಿಗಳಿದ್ದವು. ನೀರಿನಲ್ಲಿ ತೊಳೆದೆವು, ಗಾಳಿ ಹಾಕಿದೆವು. ಎರಡು ಸಂಜೆಯೊಳಗೆ ಹೋದವು. ಒಂದು ಉಳಿಯಿತು. ಅದರ ಒಂದು ಕಣ್ಣಿಗೆ ಬಿಳಿ ಪೊರೆ ಬಂದು ಹಾಗೇ ನಿಂತಿತು, ಅದಕ್ಕೇ ಮಂಜಿ ಎಂದು ಕರೆದೆವು. ಸಾಹೇಬರು ಬಂದಾಗ ಮರಿ ಸಾಕಮ್ಮನ ಮಡಿಲಲ್ಲಿತ್ತು, ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಅವರು ಬೈಯಲಿಲ್ಲ. "ನಾಳೆ ಮತ್ತೆ ಹೊಡೆಯೋಣ" ಎಂದರು. ಈಗ ಫಾರ್ಮಲಿನ್ ಕಮ್ಮಿಯಾಗಿ ಬೇರೆ ಔಷಧಿಗಳು ಬಂದಿವೆ. ಆದರೂ ಹುಡುಗಿಯರೇ, ಬಾಗಿಲು ಹಾಕುವ ಮೊದಲು ಅಟ್ಟದ ಮೇಲೆ, ಸಂದಿಗೊಂದಿಯಲ್ಲಿ ಕೈಯಾಡಿಸಿ ನೋಡಿ. ಬೆಕ್ಕು ಕೂಗಿದರೆ ಯಾಕೆ ಕೂಗುತ್ತಿದೆ ಎಂದು ಎದ್ದು ಹೋಗಿ ನೋಡಿ.

ಬೂದಿ ಮಂಜಿಗೆ ಹಾಲೂಡಿಸಿ ದೊಡ್ಡದು ಮಾಡಿದಳು. ಆಮೇಲೊಂದು ದಿನ ಅವಳನ್ನು ರಸ್ತೆಯಲ್ಲಿ ಯಾವುದೋ ಗಾಡಿ ಹೊಡೆದುಹಾಕಿತು. ಅದೇ ಹೊತ್ತಿಗೆ ನಮ್ಮ ಹುಳುಗಳು ಎರಡನೇ ಜ್ವರಕ್ಕೆ ಕೂತಿದ್ದವು. ಸತ್ತ ಪ್ರಾಣಿ ಮುಟ್ಟಿದವರು ಹುಳುವಿನ ಕೋಣೆಗೆ ಕಾಲಿಡುವ ಹಾಗಿಲ್ಲ. ರೈತರು ಅದಕ್ಕೆ ಸೂತಕ ಅನ್ನುತ್ತಾರೆ, ನಾವು ಸೋಂಕು ಅನ್ನುತ್ತೇವೆ, ಇಬ್ಬರದೂ ತಾತ್ಪರ್ಯ ಒಂದೇ. ಕೋಣೆಯ ಹೊಣೆ ನನ್ನದಾದ್ದರಿಂದ ನಾನು ಮುಟ್ಟುವಂತಿರಲಿಲ್ಲ. ಬೆಕ್ಕನ್ನು ಬೈದೇ ದಿನ ಕಳೆಯುತ್ತಿದ್ದ ಸಾಕಮ್ಮ, "ನೀವು ಒಳಗಿರಿ, ನಾ ಓಯ್ತೀನಿ" ಎಂದು ಹಾರೆ ತೆಗೆದುಕೊಂಡಳು. ಹಿಪ್ಪುನೇರಳೆ ಸಾಲಿನ ಕೊನೆಯಲ್ಲಿ ಗುಂಡಿ ತೋಡಿ, ತನ್ನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಳು. ನಾನು ಕಿಟಕಿಯ ನೈಲಾನ್ ಪರದೆಯ ಹಿಂದಿನಿಂದ ನೋಡಿದೆ. ಜ್ವರಕ್ಕೆ ಕೂತ ಹುಳುವಿನ ಕೋಣೆಯಷ್ಟು ನಿಶ್ಶಬ್ದ ಎಲ್ಲೂ ಇರುವುದಿಲ್ಲ. ಸೊಪ್ಪು ಮೇಯುವ ಸದ್ದು ನಿಂತಿರುತ್ತದೆ, ಸಾವಿರಾರು ತಲೆಗಳು ಮೇಲೆತ್ತಿಕೊಂಡು ಸುಮ್ಮನೆ ಇರುತ್ತವೆ. ಆ ನಿಶ್ಶಬ್ದದಲ್ಲಿ ಹಾರೆಯ ಸದ್ದೊಂದೇ ಕೇಳುತ್ತಿತ್ತು. ನಾನು ಅಲುಗಾಡದೆ ನಿಂತಿದ್ದೆ. ಈಗಲೂ ಮಧ್ಯಾಹ್ನದ ಅರೆನಿದ್ದೆಯಲ್ಲಿ ನಾನು ನಿಂತಿರುವುದು ಹೆಚ್ಚಾಗಿ ಆ ಕೋಣೆಯಲ್ಲೇ. ಹೊರಗೆ ಬೂದಿ ಇರುತ್ತಾಳೆ, ನಡುವೆ ಪರದೆ ಇರುತ್ತದೆ.

ತಾಯಿ ಹೋದ ಮೇಲೆ ಮಂಜಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಮಂಡ್ಯಕ್ಕೆ ತಂದೆ. ಅವಳೂ ತಾಯಿಯ ಹಾಗೇ. ಸಂಜೆ ನಾನು ಬೀದಿ ತಿರುವಿಗೆ ಬಂದರೆ ಸಾಕು, ಕಾಂಪೌಂಡಿನಿಂದ ಇಳಿದು ಬಂದು ಚಪ್ಪಲಿ ಬಿಡುವ ಮೊದಲೇ ಕಾಲಿಗೆ ಬೀಳುತ್ತಿದ್ದಳು. ಕೈಕಾಲು ಸೋಪು ಹಾಕಿ ತೊಳೆದು ಬಂದರೂ ಬಿಡುತ್ತಿರಲಿಲ್ಲ. ನಾನು ಅವಳನ್ನು ಎತ್ತಿಕೊಳ್ಳುತ್ತಿದ್ದೆ, ಮುದ್ದು ಮಾಡುತ್ತಿದ್ದೆ, ಒಳಗೊಳಗೆ ಮಾತ್ರ, "ನೀನು ಬಂದದ್ದು ನನಗಲ್ಲ ಬಿಡೇ" ಎನ್ನುತ್ತಿದ್ದೆ.

ಕೆಲಸದ ರೀತಿ ಬದಲಾಗುತ್ತಾ ಹೋಯಿತು. ಸೊಪ್ಪು ಹೆಚ್ಚಿ ತಟ್ಟೆಗೆ ಹಾಕುವುದು ಹೋಗಿ ರೆಂಬೆ ಸಮೇತ ಹಾಸುವುದು ಬಂತು. ಚಂದ್ರಿಕೆ ಹೋಗಿ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂತು. ನಡುಮನೆಯ ಹುಳು ತೋಟದ ಶೆಡ್ಡಿಗೆ ಹೋಯಿತು. ಇಲಿಗೆ ಅಂಟು ಹಲಗೆ ಬಂದ ಮೇಲೆ ಬೆಕ್ಕನ್ನು ಕೇಳುವವರಿಲ್ಲ. ಎಲ್ಲ ಒಳ್ಳೆಯದಕ್ಕೇ, ದುಡಿಯುವ ಹೆಂಗಸರ ಬೆನ್ನು ಉಳಿಯಿತು. ಬ್ಲೀಚಿಂಗ್ ಮಾತ್ರ ನನ್ನ ಕೊನೆಯ ದಿನದವರೆಗೂ ಇತ್ತು.

ನಿವೃತ್ತಿಯಾಯಿತು. ಶುರುವಿನಲ್ಲಿ ಗೊತ್ತಾಗಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಕೈಯ ಒರಟು ಹೋಗಿ ಉಗುರಿಗೆ ಬಣ್ಣ ಬಂತು. ಅನ್ನಕ್ಕೆ ಅನ್ನದ್ದೇ ವಾಸನೆ ಬಂತೆಂದು ಯಜಮಾನರು ಖುಷಿಪಟ್ಟರು. ಮಂಜಿ ನನ್ನ ಕಾಲಿಗೆ ಬೀಳುವುದನ್ನು ನಿಲ್ಲಿಸಿದಳು. ಮಾರ್ಕೆಟ್ಟಿಗೆ ಹೋಗಿ ಬಂದರೆ ಕಾಂಪೌಂಡಿನ ಮೇಲಿಂದಲೇ ಒಂದು ಕಣ್ಣಿನಲ್ಲಿ ನೋಡಿ, ಬಾಲ ಒಂದಿಷ್ಟು ಅಲುಗಿಸಿ ಸುಮ್ಮನಾಗುತ್ತಿದ್ದಳು. ಅನ್ನ ಹಾಕಿದರೆ ತಿನ್ನುತ್ತಿದ್ದಳು. 'ಮಡಿಲಿಗೆ ಬಾ' ಎಂದರೆ ಕಿಟಕಿಗೆ ಹೋಗುತ್ತಿದ್ದಳು. ಬೀದಿಯ ಬೆಕ್ಕುಗಳೂ ನನ್ನನ್ನು ವಿದ್ಯುತ್ ಕಂಬದ ಹಾಗೆ ಸುತ್ತಿ ಹೋಗತೊಡಗಿದವು.

"ಒಂದು ಪ್ಯಾಕೆಟ್ ಬ್ಲೀಚಿಂಗ್ ಪುಡಿ ತಂದ್ಕೊಡ್ಲೇನೇ?" ಎಂದು ಯಜಮಾನರು ಕೆಣಕಿದರು. ನಾನು ಬೈದೆ. ಆದರೆ ನೀರಿನ ತೊಟ್ಟಿ ತೊಳೆಯಲು ತಂದ ಪ್ಯಾಕೆಟ್ಟು ಬಚ್ಚಲಲ್ಲೇ ಇತ್ತು. ಚಿಟಿಕೆ ತೆಗೆದು ಕೈಗೆ ಉಜ್ಜಿಕೊಂಡರೆ ಬರುತ್ತಾಳೆ ಎಂದು ಎಷ್ಟು ಸಲ ಅನ್ನಿಸಿತೋ. ಹಾಗೆ ಬಂದರೆ ಅವಳು ಯಾರ ಹತ್ತಿರ ಬಂದ ಹಾಗಾಯಿತು? ಮುಚ್ಚಳ ಬಿಗಿ ಮಾಡಿ ಮೇಲಿನ ಗೂಡಿನಲ್ಲಿಟ್ಟೆ. ಇಡೀ ಸರ್ವೀಸಿನಲ್ಲಿ ಒಂದು ಬೆಕ್ಕೂ ನನ್ನದಾಗಿರಲಿಲ್ಲ ಎಂದು ಒಪ್ಪಿಕೊಂಡುಬಿಟ್ಟರೆ ಹಗುರವಾಗುತ್ತದೆ ಎಂದುಕೊಂಡೆ. ಒಪ್ಪಿಕೊಂಡೆ, ಹಗುರವಾಗಲಿಲ್ಲ.

ಮಂಜಿಗೆ ವಯಸ್ಸಾಗಿತ್ತು. ಕಳೆದ ಚಳಿಗಾಲದಲ್ಲಿ ಅವಳಿಗೆ ನೆಗಡಿ ಹತ್ತಿ ಇಳಿಯಲಿಲ್ಲ. ಮೀನು ತಂದಿಟ್ಟರೂ ಮುಖ ತಿರುಗಿಸಿದಳು. ಬುಟ್ಟಿಯಲ್ಲಿಟ್ಟು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಹೆಣ್ಣುಮಗಳು, ಮೃದುವಾಗಿ ಮುಟ್ಟಿ ನೋಡಿದರು. ಮೂಗಿನ ಹತ್ತಿರ ಸ್ಪಿರಿಟ್ಟಿನ ಹತ್ತಿ ಹಿಡಿದರು, ಮಂಜಿ ಮಿಸುಕಲಿಲ್ಲ.

"ಮೂಗು ಪೂರ್ತಿ ಕಟ್ಟಿದೆ ಅಮ್ಮ. ಇದಕ್ಕೆ ಯಾವ ವಾಸನೆಯೂ ಗೊತ್ತಾಗ್ತಿಲ್ಲ. ವಾಸನೆ ಇಲ್ದೆ ಬೆಕ್ಕು ತಿನ್ನಲ್ಲ" ಎಂದರು. ಮೂತ್ರಪಿಂಡವೂ ಸೋತಿದೆ, ಹೆಚ್ಚು ದಿನ ಇರಲಾರದು, ಬೆಚ್ಚಗೆ ಇಟ್ಟುಕೊಳ್ಳಿ ಎಂದು ಒಂದು ಸೂಜಿ ಚುಚ್ಚಿ ಕಳಿಸಿದರು.

ಮಾರನೇ ದಿನ ಮಧ್ಯಾಹ್ನ ಅವಳನ್ನು ಹಜಾರದ ಮೂಲೆಯಲ್ಲಿ, ಕಿಟಕಿಯಿಂದ ಬಿಸಿಲು ಬೀಳುವ ಕಡೆ ಮಲಗಿಸಿದ್ದೆ. ಪಕ್ಕದಲ್ಲಿ ಬಿಸಿ ಹಾಲು. ಯಜಮಾನರು ಕುರ್ಚಿಯಲ್ಲಿದ್ದರು, ನಾನು ಎದುರು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದೆ. ಕರೆಯಲಿಲ್ಲ. ಕರೆಯುವ ಧೈರ್ಯ ನನಗಿರಲಿಲ್ಲ. ನನಗೂ ಜೊಂಪು ಹತ್ತಿತ್ತು, ಬಾಗಿಲ ಹತ್ತಿರ ಮೇಸ್ತ್ರಿ ಬಂದು ಕೂತ ಹಾಗಿತ್ತು, ಕಿಟಕಿಯಲ್ಲಿ ಬೂದಿ ಇದ್ದ ಹಾಗಿತ್ತು.

ಸದ್ದಾಗಿ ಕಣ್ಣು ಬಿಟ್ಟೆ. ಮಂಜಿ ಎದ್ದು ನಿಂತಿದ್ದಳು. ಹಿಂಗಾಲು ನಿಲ್ಲುತ್ತಿರಲಿಲ್ಲ. ಹಾಲಿನ ಬಟ್ಟಲಿಗೆ ಮೈ ತಾಗಿ ಹಾಲು ಚೆಲ್ಲಿತು, ಅದನ್ನು ನೋಡಲಿಲ್ಲ. ಬಿಸಿಲಿನಿಂದ ಇಳಿದು ತಣ್ಣನೆಯ ನೆಲಕ್ಕೆ ಬಂದಳು. ಯಜಮಾನರು "ಮಂಜೀ" ಎಂದು ಕೈ ಚಾಚಿದರು. ಅವರ ಕೈ ದಾಟಿ, ಎರಡು ಸಲ ಕೂತು, ಎರಡು ಸಲ ಎದ್ದು, ಹಜಾರದ ಉದ್ದಕ್ಕೂ ನಡೆದು ಬಂದಳು. ನನ್ನ ಮಡಿಲಿಗೆ ಹತ್ತಲು ಆಗಲಿಲ್ಲ, ಮುಂಗಾಲು ಇಟ್ಟು ನಿಂತಳು. ನಾನು ಎತ್ತಿಕೊಂಡೆ. ನನ್ನ ಬಲಗೈ ಹುಡುಕಿ, ಅಂಗೈಯೊಳಗೆ ಕಟ್ಟಿದ ಮೂಗನ್ನಿಟ್ಟು, ಇರುವ ಒಂದು ಕಣ್ಣು ಮುಚ್ಚಿದಳು. ಗಂಟಲಲ್ಲಿ ಆ ಗುರುಗುಟ್ಟುವ ಸದ್ದು ಬಂತು, ಮೂಗು ಕಟ್ಟಿದ್ದರಿಂದ ಒಡೆದು ಒಡೆದು ಬಂತು.

ಯಜಮಾನರು ಪೇಪರು ಮಡಿಸಿಟ್ಟು ನನ್ನ ಪಕ್ಕ ಬಂದು ಕೂತರು. ಕೆಣಕಲಿಲ್ಲ. ಬಿಸಿಲು ಗೋಡೆ ಹತ್ತಿ ಹೋಗುವ ಹೊತ್ತಿಗೆ ಸದ್ದು ನಿಂತಿತು. ನನ್ನ ಕೈ ಜೋಮು ಹಿಡಿದಿತ್ತು, ಆದರೂ ತೆಗೆಯಲಿಲ್ಲ.

ಎಡಗೈಯಲ್ಲೇ ಸಾಕಮ್ಮನಿಗೆ ಫೋನು ಮಾಡಿದೆ. ನನ್ನ ಉಸಿರು ಕೇಳಿಯೇ ಅವಳಿಗೆ ಗೊತ್ತಾಯಿತು.

"ಓಯ್ತಾ?"

"ಹೋಯ್ತು ಸಾಕಮ್ಮ. ನನ್ ಹತ್ರ ಬಂದು ಹೋಯ್ತು."

"ಮೂಗು ಕಟ್ಕಂಡದೆ, ವಾಸ್ನೆ ತಿಳಿಯಾಕಿಲ್ಲ ಅಂದಿದ್ರಲ್ಲ ನೆನ್ನೆ ಫೋನಲ್ಲಿ?"

"ಹೂಂ. ಏನೂ ತಿಳೀತಿರ್ಲಿಲ್ಲ."

"ಅಂಗಾರೆ ಇನ್ಯಾಕೆ ಅಳ್ತೀರಿ?" ಎಂದಳು.

"ಅದಕ್ಕೇ ಕಣಮ್ಮ ಅಳ್ತಿರೋದು" ಎಂದೆ.